ದೀಪಾವಳಿಯ ಮಣ್ಣಿನ ಕೋಟೆಗಳೂ ಇತಿಹಾಸಶಿಕ್ಷಣವೂ

ಯುದ್ಧವನ್ನು ಆಟವನ್ನಾಗಿ ಮಾಡಿಕೊಂಡು ಅದರ ಮರ್ಮವನ್ನು ಅರಿಯುವ ಪದ್ಧತಿಯು ನಮ್ಮ ದೇಶಕ್ಕೆ ಹೊಸದಲ್ಲ. ಗಜ, ಅಶ್ವ, ರಥ, ಪದಾತಿಗಳೆಂಬ ಸೈನ್ಯದ ನಾಲ್ಕು ಅಂಗಗಳಿಂದಲೇ ಚತುರಂಗಕ್ಕೆ ಆ ಹೆಸರು ಬಂದಿತೆಂಬುದು ಸರ್ವವಿದಿತವಷ್ಟೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಈ ಆಟವನ್ನು ವರ್ಣಿಸಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ (1794–1868) ಕುದುರೆಯು ಪಟದ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಬಂಧಗಳನ್ನು ರಚಿಸಿದರು. ಶ್ರೀತತ್ತ್ವನಿಧಿಯ ಕೌತುಕನಿಧಿಯೆಂಬ ಭಾಗವನ್ನು ಆಟಗಳಿಗೇ ಮೀಸಲಿಟ್ಟರು.

ಪಾಶ್ಚಾತ್ಯರಲ್ಲಿ ಈ ವಿನೋದವು ಬೇರೊಂದು ದಾರಿಯನ್ನು ಹಿಡಿಯಿತು. ಪ್ರಶ್ಯ ದೇಶದ ಸೈನ್ಯಾಧಿಕಾರಿಯಾದ ರೈಸ್‌ವಿಟ್ಸನು 1824ರಲ್ಲಿ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದನು. ಅದರಲ್ಲಿ ಚೌಕದ ಮನೆಗಳಿಲ್ಲ. ನಿಜವಾದ ಭೂಮಿಯ ನಕಾಶೆಯಿದೆ. ದೈವಯೋಗಕ್ಕೆ ದಾಳಗಳಿವೆ. ಎದುರಾಳಿಯ ಚಲನವಲನಗಳಲ್ಲಿ ಕಣ್ಣಿಗೆ ಬೀಳಬಹುದಾದಷ್ಟನ್ನು ಮಾತ್ರ ತಿಳಿಸುವುದಕ್ಕೆ ಒಬ್ಬ ಮಧ್ಯಸ್ಥನಿದ್ದಾನೆ. ಆಂಗ್ಲ ಗ್ರಂಥಕಾರರಾದ ಎಚ್. ಜಿ. ವೆಲ್ಸರು 1913ರಲ್ಲಿ ತವರದ ಸಿಪಾಯಿಗಳಿಂದ ಆಡುವ ಆಟವೊಂದನ್ನು ಕುರಿತು ಪುಸ್ತಕವನ್ನು ಬರೆದು, ಇದನ್ನು ನಾಲ್ಕಾರು ಸಲ ಆಡಿದವನಿಗೆ ನಿಜವಾದ ಯುದ್ಧವು ಎಷ್ಟು ಅವಿವೇಕದ ಕಾರ್ಯವೆಂಬುದು ತಾನಾಗಿಯೇ ಹೊಳೆಯುವುದೆಂಬ ಅಭಿಪ್ರಾಯವನ್ನು ಕೊಟ್ಟರು. ಮರುವರ್ಷವೇ ಯುರೋಪದಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು.

ಇಂಥ ಆಟಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಬೆಳಗಾವಿಯ ಪ್ರಾಂತದಲ್ಲಿ ದೀಪಾವಳಿ ಸಮೀಪಿಸಿತೆಂದರೆ ಹುಡುಗರು ಅಂಗಳಗಳಲ್ಲಿಯೂ ಓಣಿಯ ಮೂಲೆಗಳಲ್ಲಿಯೂ ಕಿಲ್ಲೆ ಕಟ್ಟತೊಡಗುತ್ತಾರೆ. ಕಲ್ಲು, ಇಟ್ಟಿಗೆ, ಹಳೆಯ ಗೋಣಿತಟ್ಟುಗಳ ಮೇಲೆ ಕೆಮ್ಮಣ್ಣನ್ನು ಮೆತ್ತಿ ಗುಡ್ಡ ಮಾಡುವುದು, ಸಾಸಿವೆ ಚೆಲ್ಲಿ ಹಸುರು ಬರಿಸುವುದು, ಬುರುಜು, ಬಾಗಿಲು, ಮೆಟ್ಟಿಲುಗಳನ್ನು ತಿದ್ದುವುದು, ಪೇಟೆಯಿಂದ ತಂದ ಶಿವಾಜಿ ಮಹಾರಾಜರ ಮೂರ್ತಿಯನ್ನು ಮೇಲೆ ಕೂಡಿಸಿ ಮಾವಳೆಯರನ್ನೂ ತೋಫುಗಳನ್ನೂ ಅಲ್ಲಲ್ಲಿ ನಿಲ್ಲಿಸುವುದು, ಇವೆಲ್ಲ ಎಂಟು ಹತ್ತು ದಿನಗಳ ಉದ್ಯೋಗ. ಇದನ್ನು ಕೆಲವು ಹಿರಿಯರು ಕಾಲಹರಣವೆಂದು ಗದರಿಸುವುದುಂಟು. ನನಗಾದರೋ ಇದು ಪಾಠಶಾಲೆಯ ಗೋಡೆಗಳ ಹೊರಗೆ ನಡೆಯುವ ಉತ್ತಮವಾದ ಇತಿಹಾಸದ ಪಾಠವೆಂದೇ ತೋರುತ್ತದೆ. ನೀರು ಎಲ್ಲಿಂದ ಬರಬೇಕು, ಶತ್ರುವು ಯಾವ ಕಡೆಯಿಂದ ಏರಬಲ್ಲನು, ಬಾಗಿಲನ್ನು ನೇರವಾಗಿರಿಸದೆ ತಿರುವಿನಲ್ಲಿ ಏಕೆ ಕಟ್ಟುತ್ತಿದ್ದರು ಎಂಬ ಪ್ರಶ್ನೆಗಳು ಕೈಗೆ ಮಣ್ಣು ಹತ್ತಿದಾಗಲೇ ಹುಟ್ಟತಕ್ಕವು.

ಆದರೆ ಒಂದು ವಿಷಯವನ್ನು ವಾಚಕರ ಮುಂದಿಡಬೇಕಾಗಿದೆ. ಮಣ್ಣನ್ನು ರಾಶಿ ಹಾಕಿದರೆ ಗುಡ್ಡವಾಗುವುದು ಸಹಜ. ಆದುದರಿಂದ ಗಿರಿದುರ್ಗಗಳೇ ಹುಡುಗರಿಗೆ ಪ್ರಿಯ. ಖಾನಾಪುರದ ಅಡವಿಯಲ್ಲಿರುವ ಭೀಮಗಡ, ಯಳ್ಳೂರಿನ ರಾಜಹಂಸಗಡಗಳು ಆ ಜಾತಿಯವು. ಬೆಳಗಾವಿಯ ಕೋಟೆಯಾಗಲಿ ಕಿತ್ತೂರಿನ ಕೋಟೆಯಾಗಲಿ ಬಯಲುಕೋಟೆಗಳು. ಇವುಗಳಿಗೆ ಎತ್ತರವಲ್ಲ, ಕಂದಕವೇ ಬಲ. 1472ರ ಸುಮಾರಿಗೆ ಮಹಮೂದ ಗವಾನನು ಬೆಳಗಾವಿಯನ್ನು ಮುತ್ತಿದಾಗಲೂ, 1818ರಲ್ಲಿ ಮನ್ರೋ ಸಾಹೇಬನು ಸುಮಾರು ಮೂರು ವಾರ ಮುತ್ತಿಗೆ ಹಾಕಿದಾಗಲೂ ಕಂದಕವನ್ನು ದಾಟುವುದೇ ದೊಡ್ಡ ಸಮಸ್ಯೆಯಾಗಿತ್ತು. ಕಾಕತಿಯು ರಾಣಿ ಚೆನ್ನಮ್ಮನ ತವರೂರು. ಈ ಊರ ಮಕ್ಕಳು ಒಂದು ವರ್ಷವಾದರೂ ಕಂದಕಸಹಿತವಾಗಿ ಕಿತ್ತೂರನ್ನು ಕಟ್ಟುವುದು ಉಚಿತವಲ್ಲವೇ?

ಕಟ್ಟಿದರೆ ಏನನ್ನು ತೋರಿಸಬೇಕು? 1824ನೆಯ ಇಸವಿ ಅಕ್ಟೋಬರ 23ನೆಯ ದಿನವನ್ನು ಎಲ್ಲರೂ ಬಲ್ಲರು. ದತ್ತಕವನ್ನು ಒಪ್ಪದ ಕುಂಪಣಿ ಸರಕಾರದ ಪರವಾಗಿ ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ತೋಫುಗಳೊಂದಿಗೆ ಬಂದು ಕೋಟೆಯ ಬಾಗಿಲನ್ನು ಒಡೆಯಲು ಸನ್ನದ್ಧನಾದನು. ಬಾಗಿಲು ಒಳಗಿನಿಂದಲೇ ತೆರೆಯಿತು, ಕಿತ್ತೂರಿನ ದಂಡು ಹೊರನುಗ್ಗಿತು, ಥ್ಯಾಕರೆ ಹತನಾದನು. ಬರ್ಲಿನದಲ್ಲಿ ನಕಾಶೆಯ ಮೇಲೆ ಯುದ್ಧದಾಟವು ರೂಪುಗೊಂಡ ವರ್ಷದಲ್ಲಿಯೇ ನಮ್ಮ ಮಲಪ್ರಭೆಯ ಸೀಮೆಯಲ್ಲಿ ನಿಜವಾದ ಆಟ ನಡೆದುಹೋಯಿತು! ಈ ಕ್ಷಣವನ್ನು ಮಣ್ಣಿನಲ್ಲಿ ನಿಲ್ಲಿಸುವುದು ಸುಲಭ. ನೋಡಲು ರಮ್ಯವೂ ಹೌದು.

ಆದರೆ ಅಲ್ಲಿಗೆ ನಿಂತರೆ ಅದು ಮೆರವಣಿಗೆಯ ಚಿತ್ರವಾದೀತೇ ಹೊರತು ಇತಿಹಾಸವಾಗದು. ಡಿಸೆಂಬರದ ಮೊದಲ ವಾರದಲ್ಲಿ ಬೃಹತ್ಸೈನ್ಯವು ಕಿತ್ತೂರನ್ನು ಮತ್ತೆ ಮುತ್ತಿತು. ಆ ಕಾಳಗದಲ್ಲಿ, ಬೆಳಗಾವಿಯನ್ನು ಗೆದ್ದ ಮನ್ರೋವಿನ ಬಂಧುವಾದ ಸೊಲ್ಲಾಪುರದ ಸಬ್‌ಕಲೆಕ್ಟರನು ಮಡಿದನು. ಕೋಟೆಯು ಕೈಬಿಟ್ಟಿತು. ರಾಣಿಯು ಬೈಲಹೊಂಗಲದ ಬಂಧನದಲ್ಲಿ 1829ರಲ್ಲಿ ದೇಹವಿಟ್ಟಳು. ಸಂಗೊಳ್ಳಿ ರಾಯಣ್ಣನು ಕೋಟೆಯ ಹಂಗಿಲ್ಲದೆ ಕಾಡುಮೇಡುಗಳಲ್ಲಿ ಹೋರಾಡಿ, ಕೊನೆಗೆ ಸಿಕ್ಕಿಬಿದ್ದು, 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿದನು. ಅವನ ಹೋರಾಟಕ್ಕೆ ಬುರುಜೂ ಇಲ್ಲ, ಬಾಗಿಲೂ ಇಲ್ಲ. ಇರುಳು, ಹಸಿವು, ಒಳಗಿನವರ ದ್ರೋಹಗಳನ್ನು ಯಾವ ಬೊಂಬೆಯಿಂದ ತೋರಿಸುವುದು?

ಇದಕ್ಕಿಂತಲೂ ಸೂಕ್ಷ್ಮವಾದುದೊಂದಿದೆ. ಅಕ್ಟೋಬರದ ಕಾಳಗದಲ್ಲಿ ಇಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಆಂಗ್ಲ ಅಧಿಕಾರಿಗಳು ಕಿತ್ತೂರಿನವರ ಕೈಗೆ ಸೆರೆಸಿಕ್ಕರು. ಅವರನ್ನು ಕೊಲ್ಲಲಿಲ್ಲ, ಕೆಲವು ವಾರಗಳ ತರುವಾಯ ಡಿಸೆಂಬರದಲ್ಲಿ ಬಿಟ್ಟುಕೊಟ್ಟರು. ಆ ವಾಲ್ಟರ್ ಇಲಿಯಟ್ಟನೇ ಮುಂದೆ ಈ ನಾಡಿನ ಹಳ್ಳಿಹಳ್ಳಿಗಳಿಂದ 500ಕ್ಕೂ ಮಿಕ್ಕಿದ ಶಾಸನಗಳ ಪ್ರತಿಗಳನ್ನು ಕೂಡಿಹಾಕಿ, ಚಾಲುಕ್ಯರ ವಂಶಾವಳಿಯನ್ನು ಮೊದಮೊದಲು ಜೋಡಿಸಿದವರಲ್ಲಿ ಒಬ್ಬನಾದನು. ಅಂದು ಕಿತ್ತೂರಿನ ಸೆರೆಯಲ್ಲಿ ಒಂದು ಪ್ರಾಣವು ಉಳಿಯದಿದ್ದರೆ, ಸೋಮೇಶ್ವರನ ವಂಶದ ಕಥೆಯು ಎಷ್ಟೋ ಕಾಲ ಕಲ್ಲಿನಲ್ಲಿಯೇ ಮೌನವಾಗಿ ಮಲಗಿರುತ್ತಿತ್ತು. ಎದುರಾಳಿಯ ಬೊಂಬೆಗಳನ್ನೆಲ್ಲ ಕೆಡವಿ ಚಪ್ಪಾಳೆ ತಟ್ಟುವ ಆಟದಲ್ಲಿ ಇಂಥ ಸತ್ಯಕ್ಕೆ ಸ್ಥಳವಿರುವುದಿಲ್ಲ.

ಆದಕಾರಣ ನನ್ನ ಸೂಚನೆಯಿಷ್ಟೆ. ಮಕ್ಕಳ ಕಿಲ್ಲೆಯನ್ನು ಹಳಿಯಬೇಡಿರಿ, ಬರಿಯ ಅಲಂಕಾರವೆಂದು ಹೊಗಳಿ ಬಿಡಲೂ ಬೇಡಿರಿ. ಮನೆಯ ಹಿರಿಯರೂ ಉಪಾಧ್ಯಾಯರೂ ರೈಸ್‌ವಿಟ್ಸನ ಆಟದ ಮಧ್ಯಸ್ಥನಂತೆ ಪಕ್ಕದಲ್ಲಿ ಕುಳಿತು, ಇಬ್ಬರ ಬಲಾಬಲಗಳನ್ನೂ ಸರಿಯಾಗಿ ತಿಳಿಸಬೇಕು. ತಮ್ಮವರು ಸೋತ ದಿನವನ್ನು ಮುಚ್ಚಬಾರದು. ಕನ್ನಡದ ಮಕ್ಕಳು ರಾಯಗಡವನ್ನೂ ಮರಾಠಿಯ ಮಕ್ಕಳು ಕಿತ್ತೂರನ್ನೂ ಕಟ್ಟುವಂತಾದರೆ ಇನ್ನೂ ಲೇಸು. ನೆರೆಯವನ ಕೋಟೆಯನ್ನು ಕೈಯಾರೆ ಕಟ್ಟಿದವನು ಅದನ್ನು ಹಗುರವಾಗಿ ಹೀಯಾಳಿಸಲಾರನು. ಕಿತ್ತೂರನ್ನು ಕಟ್ಟಿದವರು ಕೋಟೆಯೊಳಗೆ ಒಂದು ಸಣ್ಣ ಕೋಣೆಯನ್ನು ಮಾಡಿ ಇಬ್ಬರು ಸೆರೆಯಾಳುಗಳನ್ನು ಕೂಡಿಸಲಿ. ನೋಡಬಂದವರು ಇವರಾರೆಂದು ಕೇಳಿಯೇ ಕೇಳುವರು. ಆಗ ಹುಡುಗನು ಕೊಡುವ ಉತ್ತರದಲ್ಲಿ ರಾಣಿಯ ಶೌರ್ಯದೊಂದಿಗೆ ಅವಳ ಸಂಯಮವೂ ಜನರ ಕಿವಿಗೆ ಬೀಳುವುದು. ಮಣ್ಣಿನ ಕೋಟೆಯು ಹಬ್ಬ ಮುಗಿದ ಮೇಲೆ ಕರಗಿ ಹೋಗತಕ್ಕದ್ದೇ. ಈ ಉತ್ತರವಾದರೋ ಆ ಬಾಲಕನೊಂದಿಗೆ ಬೆಳೆಯುವುದು.