ಮನೆಚಿಮ್ಮಂಡೆ: ಸಾಕು ಸರೀಸೃಪಗಳ ಆಹಾರಕ್ಕಾಗಿ ಪಾಲನೆ

ಮನೆಚಿಮ್ಮಂಡೆಯು ಆರ್ಥಾಪ್ಟೆರ ಗಣದ ಗ್ರಿಲಿಡೀ ಕುಟುಂಬಕ್ಕೆ ಸೇರಿದ, ಸುಮಾರು 2 ಸೆಂಮೀ ಉದ್ದದ, ಹಳದಿ ಬೆರೆತ ಕಂದುಬಣ್ಣದ ಕೀಟ. ಇದರ ಶಾಸ್ತ್ರೀಯ ನಾಮ ಅಕೀಟ ಡೊಮೆಸ್ಟಿಕಸ್; 1758ರಲ್ಲಿ ಲಿನೀಯಸನು ಇದನ್ನು ವರ್ಣಿಸಿದನು. ಲೆಪರ್ಡ್ ಗೆಕ್ಕೊ ಎಂಬ ಹಲ್ಲಿ, ಬಿಯರ್ಡೆಡ್ ಡ್ರ್ಯಾಗನ್ ಎಂಬ ಆಸ್ಟ್ರೇಲಿಯದ ಓತಿ ಮೊದಲಾದ ಸಾಕು ಸರೀಸೃಪಗಳಿಗೆ ಇದನ್ನು ಸಜೀವವಾಗಿ ಉಣಿಸುವ ಪದ್ಧತಿಯಿದೆ. ಚಿಮ್ಮಂಡೆಯೊಡನೆ ಅದರ ಜಠರದಲ್ಲಿರುವುದೆಲ್ಲವೂ ಸರೀಸೃಪದ ಒಡಲನ್ನು ಸೇರುವುದರಿಂದ, ಆಹಾರವಾಗುವ ಜೀವಿಯನ್ನು ಚೆನ್ನಾಗಿ ಪೋಷಿಸುವುದು ಉಣ್ಣುವ ಜೀವಿಯನ್ನು ಪೋಷಿಸುವುದರ ಮೊದಲ ಹೆಜ್ಜೆಯಾಗಿದೆ.

ಜೀವನಕ್ರಮ: ಹೆಣ್ಣು ತನ್ನ ಸೂಜಿಯಂತಹ ಅಂಡನಿಕ್ಷೇಪಕವನ್ನು ತೇವವಾದ ಮಣ್ಣಿನಲ್ಲಾಗಲಿ ತೆಂಗಿನ ನಾರಿನ ಪುಡಿಯಲ್ಲಾಗಲಿ ಊರಿ ಮೊಟ್ಟೆಯಿಡುತ್ತದೆ. ಸುಮಾರು 30° ಸೆ. ಉಷ್ಣತೆಯಲ್ಲಿ ಎರಡು ವಾರದೊಳಗೆ ಮರಿಗಳು ಹೊರಬಂದು, ಹಲವು ಬಾರಿ ಪೊರೆ ಕಳಚಿ, 6ರಿಂದ 8 ವಾರಗಳಲ್ಲಿ ಪ್ರೌಢಾವಸ್ಥೆಗೆ ಬರುತ್ತವೆ. ರೆಕ್ಕೆಗಳನ್ನು ಪರಸ್ಪರ ಉಜ್ಜಿ ಚಿರ್ರೆಂದು ಕೂಗುವುದು ಪ್ರೌಢ ಗಂಡು ಮಾತ್ರ. ಪ್ರೌಢವಾದ ಮೇಲೆ ಉಳಿಯುವ ಆಯುಸ್ಸು ಕೆಲವೇ ವಾರಗಳದ್ದು. ಆದುದರಿಂದ, ರೆಕ್ಕೆ ಬಲಿತ ಚಿಮ್ಮಂಡೆಗಳನ್ನು ಕೊಂಡುತಂದವರು, ಅವು ಬೇಗನೆ ಸತ್ತುದನ್ನು ಕಂಡು ತಮ್ಮ ಆರೈಕೆಯನ್ನೇ ದೂಷಿಸಿಕೊಳ್ಳುವುದಕ್ಕಿಂತ, ಅರೆಬೆಳೆದವನ್ನು ಆರಿಸಿ ತರುವುದು ಲೇಸು.

ವಸತಿ: ನುಣುಪಾದ ಗೋಡೆಯ ಎತ್ತರವಾದ ಪ್ಲಾಸ್ಟಿಕ್ ಡಬ್ಬ ಇದಕ್ಕೆ ಸಾಕು, ಅದರ ಮುಚ್ಚಳವನ್ನು ಅಗಲವಾಗಿ ಕತ್ತರಿಸಿ, ಚಿಮ್ಮಂಡೆಗಳು ಕಡಿಯಲಾರದಂತೆ ಲೋಹದ ಜಾಲರಿಯನ್ನು ಕೂರಿಸಬೇಕು. ಒಳಗೆ ಮೊಟ್ಟೆಯ ರಟ್ಟಿನ ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿದರೆ, ಹಿಕ್ಕೆಯು ತಳಕ್ಕೆ ಉದುರಿ, ಕೀಟಗಳು ಮೇಲೆ ಒಣಗಿದ ಎಡೆಯಲ್ಲಿ ಚದರಿ ಕುಳಿತುಕೊಳ್ಳುತ್ತವೆ. ಮುಚ್ಚಳ ತೆಗೆದೊಡನೆ ಮೂಗಿಗೆ ಅಮೋನಿಯದ ಘಾಟು ಬಡಿಯಿತೆಂದರೆ, ಹಿಕ್ಕೆಯೂ ಹೆಣಗಳೂ ತೇವದಲ್ಲಿ ಕೊಳೆಯುತ್ತಿವೆಯೆಂದು ತಿಳಿಯಬೇಕು. ತೇವವೂ ಇಕ್ಕಟ್ಟೂ ಕೂಡಿದಲ್ಲಿ ಸಾವು ಶೀಘ್ರವಾಗಿ ಹಬ್ಬುತ್ತದೆ. ಆದರೂ ನೀರಿಲ್ಲದೆ ಇವು ಬಾಳವು. ತೆರೆದ ಬಟ್ಟಲಿನಲ್ಲಿ ಮರಿಗಳು ಮುಳುಗಿ ಸಾಯುವುದರಿಂದ, ಒದ್ದೆ ಸ್ಪಂಜನ್ನಾಗಲಿ ಗಜ್ಜರಿಯ ಹೋಳನ್ನಾಗಲಿ ಇಟ್ಟು ದಿನದಿನವೂ ಬದಲಿಸತಕ್ಕುದು. ಆಗತಾನೆ ಪೊರೆ ಕಳಚಿದ ಚಿಮ್ಮಂಡೆಯು ಹಾಲಿನಂತೆ ಬಿಳಿದಾಗಿ, ಮೆತ್ತಗೆ, ಓಡಲಾರದೆ ನಿಂತಿರುತ್ತದೆ. ಸಸಾರಜನಕದ ಇಲ್ಲವೆ ನೀರಿನ ಕೊರತೆಯಾದಾಗ ಜೊತೆಯವು ಅದನ್ನೇ ತಿಂದುಬಿಡುತ್ತವೆ.

ರೋಗ: ಇವುಗಳ ಮಹಾಶತ್ರು ಡೆನ್ಸೊವೈರಸ್. ಸೋಂಕು ತಗಲಿದವು ನಿಶ್ಶಕ್ತವಾಗಿ, ಅಂಗಾತ ಬಿದ್ದು, ಕಾಲಾಡಿಸುತ್ತಾ ಸಾಯುತ್ತವೆ. ಯೂರೋಪಿನಲ್ಲಿ ಮೊದಲೇ ಕಾಣಿಸಿಕೊಂಡಿದ್ದ ಈ ವೈರಸ್ಸು 2009-10ರ ವೇಳೆಗೆ ಉತ್ತರ ಅಮೆರಿಕದ ಚಿಮ್ಮಂಡೆ ಸಾಕಣೆಯನ್ನು ಧ್ವಂಸಮಾಡಿತು. ಅನಂತರ ಹಲವರು ಇದನ್ನು ತಾಳಿಕೊಳ್ಳಬಲ್ಲ ಗ್ರಿಲೋಡೆಸ್ ಸಿಗಿಲ್ಲೇಟಸ್ ಎಂಬ ಬೇರೊಂದು ಚಿಮ್ಮಂಡೆ ಪ್ರಭೇದದ ಕಡೆಗೆ ಹೊರಳಿದರು. ಈ ರೋಗಕ್ಕೆ ಔಷಧವಿಲ್ಲ. ಹಳೆಯವುಗಳೊಡನೆ ಹೊಸವನ್ನು ಬೆರೆಸದಿರುವುದೂ, ರೋಗ ಕಂಡಲ್ಲಿ ಎಲ್ಲವನ್ನೂ ತೆಗೆದು ಡಬ್ಬವನ್ನು ಬ್ಲೀಚಿನಿಂದ ತೊಳೆಯುವುದೂ ಉಳಿದಿರುವ ದಾರಿ.

ಪೋಷಣೆ: ಚಿಮ್ಮಂಡೆಯ ದೇಹದಲ್ಲಿ ರಂಜಕವು ಕ್ಯಾಲ್ಸಿಯಮ್ಮಿನ ಹಲವು ಪಟ್ಟು ಇದೆ, ಸರೀಸೃಪಕ್ಕೆ ಬೇಕಾದುದಾದರೋ ಕ್ಯಾಲ್ಸಿಯಮ್ಮೇ ಹೆಚ್ಚಾಗಿರುವ, ಸುಮಾರು 2:1 ಪ್ರಮಾಣದ ಆಹಾರ. ಈ ವ್ಯತ್ಯಾಸವನ್ನು ಸರಿಪಡಿಸದಿದ್ದರೆ ಸರೀಸೃಪದ ಮೂಳೆ ಮೆತ್ತಗಾಗಿ, ದವಡೆ ಬಾಗಿ, ಕಾಲು ಸೊಟ್ಟಗಾಗುತ್ತದೆ. ಆದುದರಿಂದ ಉಣಿಸುವುದಕ್ಕೆ ಒಂದೆರಡು ದಿನ ಮುಂಚಿನಿಂದ ಚಿಮ್ಮಂಡೆಗಳಿಗೆ ಕ್ಯಾಲ್ಸಿಯಮ್ಮು ಹೇರಳವಾಗಿರುವ ಹಿಟ್ಟನ್ನೂ ಹಸಿರು ಸೊಪ್ಪನ್ನೂ ತಿನ್ನಿಸಿ, ಉಣಿಸುವ ಹೊತ್ತಿಗೆ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಡಿಯೊಡನೆ ಮೆಲ್ಲಗೆ ಕುಲುಕಬೇಕು. ಮೈ ಮೀಸೆಗಳನ್ನು ಉಜ್ಜಿಕೊಂಡು ಅವು ಆ ಪುಡಿಯನ್ನು ಬೇಗನೆ ಕಳೆದುಕೊಳ್ಳುವುದರಿಂದ ತಡಮಾಡಬಾರದು.

ಉಣಿಸುವಿಕೆ: ಸರೀಸೃಪದ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ದೊಡ್ಡದಾದ ಚಿಮ್ಮಂಡೆಯನ್ನು ಕೊಡಬಾರದೆಂಬುದು ಸಾಕುವವರ ರೂಢಿ. ತಿನ್ನದೆ ಉಳಿದವನ್ನು ಗೂಡಿನಲ್ಲಿಯೇ ಬಿಟ್ಟರೆ, ಹಸಿದ ಆ ಕೀಟಗಳು ನಿದ್ರಿಸುತ್ತಿರುವ ಸರೀಸೃಪದ ಚರ್ಮವನ್ನೇ ಕಡಿದು ಗಾಯಗೊಳಿಸುವುದುಂಟು. ಅವನ್ನು ಆಯ್ದು ತೆಗೆದು, ಮರಳಿ ಡಬ್ಬಕ್ಕೆ ಸೇರಿಸಿ, ಮೇವು ಹಾಕತಕ್ಕುದು.