ರೇಸ್ ಕಂಡಿಶನ್

ಈ ಪದ ಹುಟ್ಟಿದ್ದು ತಂತ್ರಾಂಶದಲ್ಲಲ್ಲ, ವಿದ್ಯುತ್ ಮಂಡಲಗಳಲ್ಲಿ. ಡೇವಿಡ್ ಹಫ್‌ಮನ್ 1954ರಲ್ಲಿ ಸ್ವಿಚಿಂಗ್ ಮಂಡಲಗಳ ಕುರಿತು ಬರೆದ ಕಾಲಕ್ಕೇ ಬಳಕೆಯಲ್ಲಿತ್ತು: ಎರಡು ಸಂಕೇತಗಳು ಬೇರೆ ಬೇರೆ ದಾರಿಯಲ್ಲಿ ಹೊರಟು, ಯಾವುದು ಮೊದಲು ಮುಟ್ಟಿತೆಂಬುದರ ಮೇಲೆ ಫಲಿತಾಂಶ ಬದಲಾಗುವ ಸ್ಥಿತಿ. ಅಲ್ಲಿ ಓಟ ನಿಜವಾದ ಓಟವೇ. ಆಪರೇಟಿಂಗ್ ಸಿಸ್ಟಂಗೆ ದಾಟಿದ ಮೇಲೆ ಅರ್ಥ ತುಸು ಸರಿದಿದೆ. ಇಲ್ಲಿ ವೇಗಕ್ಕಿಂತ ಮುಖ್ಯವಾದದ್ದು ಪರೀಕ್ಷೆಗೂ ಬಳಕೆಗೂ ನಡುವೆ ಉಳಿದ ಸಂದು.

ಲಿನಕ್ಸ್ ಕರ್ನಲ್‌ನಲ್ಲಿ 2011ರಲ್ಲಿ ನುಸುಳಿ 2016ರಲ್ಲಿ ಸರಿಯಾದ ದೋಷವೊಂದು ಇದಕ್ಕೆ ಸಾಕ್ಷಿ. ಪ್ಯಾಕೆಟ್ ಸಾಕೆಟ್‌ಗೆ ಮೂರನೇ ಆವೃತ್ತಿಯ ರಿಂಗ್ ಬಫರ್ ಕಟ್ಟುವಾಗ ಟೈಮರ್ ಒಂದೂ ಸಿದ್ಧವಾಗುತ್ತದೆ. ಬಫರ್ ಇದ್ದರೆ ಆವೃತ್ತಿ ಬದಲಿಸಬಾರದೆಂಬ ಪರೀಕ್ಷೆಯೇನೋ ಇತ್ತು. ಆದರೆ ಬಫರ್ ಇನ್ನೂ ಸಾಕೆಟ್‌ಗೆ ಸೇರದ ಅರೆಕ್ಷಣದಲ್ಲಿ ಇನ್ನೊಂದು ಥ್ರೆಡ್ ಆವೃತ್ತಿಯನ್ನು ಒಂದಕ್ಕೆ ಇಳಿಸಿಬಿಡಬಹುದಿತ್ತು. ಆಮೇಲೆ ಸಾಕೆಟ್ ಮುಚ್ಚುವಾಗ ಕರ್ನಲ್ ಆವೃತ್ತಿ ನೋಡಿ, ಟೈಮರ್ ಇಲ್ಲವೆಂದೇ ಭಾವಿಸಿ, ಅದನ್ನು ಅಳಿಸದೆ ಮೆಮೊರಿಯನ್ನು ಬಿಟ್ಟುಕೊಡುತ್ತಿತ್ತು. ಟೈಮರ್ ಮಾತ್ರ ಆ ಮೆಮೊರಿಯಲ್ಲೇ ಮಿಡಿಯುತ್ತಿತ್ತು; ದಾಳಿಕೋರನಿಗೆ ಅದೇ ಬಾಗಿಲು. ದುರಸ್ತಿ ಚಿಕ್ಕದು: ಬಫರ್ ಕಟ್ಟುವುದು, ಆವೃತ್ತಿ ಬದಲಿಸುವುದು, ಎರಡೂ ಸಾಕೆಟ್‌ನ ಒಂದೇ ಲಾಕ್ ಹಿಡಿದು ನಡೆಯಬೇಕು. ಯಾರು ಮೊದಲೆಂಬುದು ಈಗಲೂ ತೀರ್ಮಾನವಾಗಿಲ್ಲ, ಯಾರು ಮೊದಲಾದರೂ ಕೇಡಿಲ್ಲ, ಅಷ್ಟೇ. ಇಷ್ಟು ಕಿರಿದಾದ ಸಂದು ಯಾರಿಗೆ ಸಿಕ್ಕೀತು ಎನ್ನುವವರಿದ್ದಾರೆ. ದಾಳಿಕೋರನಿಗೆ ಬೇಸರವಿಲ್ಲ, ಸಿಗುವವರೆಗೂ ಯತ್ನಿಸುತ್ತಾನೆ. ಲಾಕ್‌ನಿಂದ ನೆಟ್‌ವರ್ಕ್ ನಿಧಾನವಾಗದೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ, ಆದರೆ ಇಲ್ಲಿ ಸಲ್ಲದು: ಇದು ಸಾಕೆಟ್ ಸಜ್ಜುಗೊಳಿಸುವ ದಾರಿ, ಪ್ರತಿ ಪ್ಯಾಕೆಟ್ ಹಾಯುವ ದಾರಿಯಲ್ಲ.