ಮೊಮ್ಮಗನಿಗೆಂದು ಮಾಡಿದ ವೈನು

ಇಟಲಿಯ ಟಸ್ಕನಿಯಲ್ಲಿ ಮೊಂತಲ್ಚಿನೊ ಅನ್ನೋ ಗುಡ್ಡದ ಮೇಲಿನ ಊರಿದೆ. ಅಲ್ಲಿನ ಬಿಯೊಂದಿ-ಸಾಂತಿ ಮನೆತನದ ಚರಿತ್ರೆ ಓದಿದಾಗೆಲ್ಲ ನನಗೊಂದು ಪ್ರಶ್ನೆ ಕಾಡುತ್ತೆ. ತಾನು ಬದುಕಿರುವಾಗ ಪೂರ್ತಿ ಹದಕ್ಕೆ ಬರುತ್ತೋ ಇಲ್ಲವೋ ಗೊತ್ತಿಲ್ಲದ ಮಾಲನ್ನು ಯಾರಾದರೂ ಯಾಕೆ ತಯಾರಿಸ್ತಾರೆ?

19ನೇ ಶತಮಾನದ ಕೊನೆಯ ದಶಕಗಳಲ್ಲಿ ಫಿಲಾಕ್ಸೆರಾ ಅನ್ನೋ ಪುಟ್ಟ ಕೀಟ ಯುರೋಪಿನ ದ್ರಾಕ್ಷಿಯ ಬೇರುಗಳನ್ನೇ ತಿಂದುಹಾಕಿತ್ತು. ಟಸ್ಕನಿಯಲ್ಲಿ ಆಗ ಕೆಂಪು ದ್ರಾಕ್ಷಿಗೆ ಬಿಳಿ ದ್ರಾಕ್ಷಿ ಬೆರೆಸಿ, ಬೇಗ ಕುಡಿಯುವಂಥ ವೈನು ಮಾಡೋದು ರೂಢಿ. ಗರಿಬಾಲ್ಡಿಯ ಪಡೆಯಲ್ಲಿ ಹೋರಾಡಿ ಬಂದಿದ್ದ ಫೆರುಚ್ಚೊ ಬಿಯೊಂದಿ-ಸಾಂತಿ ಇದಕ್ಕೆ ಉಲ್ಟಾ ಹೊರಟ. ಸಾಂಜೊವೇಸೆ ತಳಿಯ ಒಳ್ಳೊಳ್ಳೆ ಬಳ್ಳಿಗಳನ್ನು ಆರಿಸಿ ಬೆಳೆಸಿದ. ಅದೊಂದರ ರಸವನ್ನೇ ದೊಡ್ಡ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟ. 1888ರ ಫಸಲಿನಿಂದ ಬಂದದ್ದೇ ಇವತ್ತಿನ ಹೆಸರಾಂತ ಬ್ರುನೆಲ್ಲೊ.

ದಶಕಗಳ ಕಾಲ ಇಡಲು ಯೋಗ್ಯ ಅನ್ನಿಸಿದ ವರ್ಷದ ವೈನಿಗೆ ಮಾತ್ರ 'ರಿಸೆರ್ವಾ' ಅನ್ನೋ ಪಟ್ಟ. 1945ರವರೆಗೆ ಆ ಪಟ್ಟ ಸಿಕ್ಕಿದ್ದು ನಾಲ್ಕೇ ವರ್ಷಗಳಿಗೆ: 1888, 1891, 1925, 1945. ಎರಡನೇ ಮಹಾಯುದ್ಧ ಊರ ಹತ್ತಿರ ಬಂದಾಗ ಫೆರುಚ್ಚೊನ ಮಗ ತಂಕ್ರೆದಿ ಹಳೇ ಬಾಟಲಿಗಳ ಮುಂದೆ ಗೋಡೆ ಕಟ್ಟಿಸಿ ಬಚ್ಚಿಟ್ಟ.

ಈ ಮನೆಯಲ್ಲಿ ಇನ್ನೊಂದು ಪದ್ಧತಿಯಿದೆ. ದಶಕಗಳು ಕಳೆದಂತೆ ಬಿರಡೆಯ ಮೂಲಕ ವೈನು ಸ್ವಲ್ಪ ಸ್ವಲ್ಪವೇ ಆವಿಯಾಗುತ್ತೆ, ಖಾಲಿ ಜಾಗದಲ್ಲಿ ಗಾಳಿ ಸೇರಿ ಕೆಡಿಸುತ್ತೆ. ಅದಕ್ಕೆ ಹಳೇ ಬಾಟಲಿ ತೆಗೆದು, ರುಚಿ ನೋಡಿ, ಚೆನ್ನಾಗಿದ್ದರೆ ಅದೇ ವರ್ಷದ ವೈನಿನಿಂದಲೇ ತುಂಬಿಸಿ, ಹೊಸ ಬಿರಡೆ ಹಾಕ್ತಾರೆ. ಅಂದ್ರೆ ಕೆಲವು ಉಳೀಬೇಕಾದ್ರೆ ಅದೇ ವಯಸ್ಸಿನ ಒಂದು ಬಾಟಲಿ ಬಲಿಯಾಗ್ಬೇಕು.

1970ರಲ್ಲಿ ತಂಕ್ರೆದಿಯ ಮಗ ಫ್ರಾಂಕೊ ಹೊಣೆ ಹೊತ್ತರು. ಮುಂದೆ ಎಷ್ಟೋ ಜನ ಚಿಕ್ಕ ಫ್ರೆಂಚ್ ಪೀಪಾಯಿಗಳಿಗೆ ಹೊರಳಿ, ಬೇಗ ಮೆದುವಾಗುವ ವೈನು ಮಾಡಿ ಮಾರುಕಟ್ಟೆ ಗೆದ್ದರು. ಫ್ರಾಂಕೊ ಬದಲಾಗಲಿಲ್ಲ. 2008ರಲ್ಲಿ ಕೆಲವರು ಬ್ರುನೆಲ್ಲೊಗೆ ಬೇರೆ ದ್ರಾಕ್ಷಿ ಬೆರೆಸಿದ್ದಾರೆಂಬ ಅನುಮಾನದ ಮೇಲೆ ತನಿಖೆ ನಡೆಯಿತು. ಆದರೂ ಅದೇ ವರ್ಷ ಅಲ್ಲಿನ ಉತ್ಪಾದಕರು, ಸಾಂಜೊವೇಸೆ ಒಂದರಿಂದಲೇ ಅನ್ನೋ ನಿಯಮ ಇರಲಿ ಅಂತ ಮತ ಹಾಕಿದರು. ಫೆರುಚ್ಚೊನ ಹಟ ಊರಿನ ಕಾನೂನಾಗಿ ಉಳಿಯಿತು.

ಮನೆತನಕ್ಕೆ ಮಾತ್ರ ಅಷ್ಟು ಅದೃಷ್ಟ ಇರಲಿಲ್ಲ. 2013ರಲ್ಲಿ ಫ್ರಾಂಕೊ ತೀರಿಕೊಂಡರು. 2016ರ ಕೊನೆಗೆ ಹೆಚ್ಚಿನ ಪಾಲು ಫ್ರಾನ್ಸಿನ ಇಪಿಐ ಸಮೂಹದ ಕೈಸೇರಿತು. ಬ್ರುನೆಲ್ಲೊವನ್ನು ಕೊಯ್ಲಾದ ಐದನೇ ವರ್ಷದ ಜನವರಿಗೆ ಮುಂಚೆ ಮಾರೋ ಹಾಗಿಲ್ಲ, ರಿಸೆರ್ವಾಗೆ ಇನ್ನೂ ಒಂದು ವರ್ಷ ಕಾಯಬೇಕು. ಅಷ್ಟು ಕಾಲ ದುಡ್ಡು ಪೀಪಾಯಿಯಲ್ಲೇ ಮಲಗಿರುತ್ತೆ, ಖರ್ಚು ಮಾತ್ರ ನಿಲ್ಲೋದಿಲ್ಲ.

ಪ್ರತಿ ತಿಂಗಳು ಟಾರ್ಗೆಟ್ ಲೆಕ್ಕ ಒಪ್ಪಿಸುವ ನಮಗೆ ಈ ಕತೆ ಸುಲಭವಾಗಿ ರೊಮ್ಯಾಂಟಿಕ್ ಅನ್ನಿಸಿಬಿಡುತ್ತೆ. ನನಗೆ ಕಾಣೋದು ಅದರ ಬೆಲೆ. ವೈನು ನೂರು ವರ್ಷ ಕಾಯಬಲ್ಲದು. ಅದನ್ನು ಕಾಯುವ ಕುಟುಂಬವೂ ಅಷ್ಟೇ ಕಾಲ ಒಟ್ಟಿಗೆ ಉಳಿದು, ಸಾಲ ತೀರಿಸ್ತಾ, ತನ್ನ ಪಾಲಿನ ಬಾಟಲಿಯನ್ನು ಕೊಡೋಕೆ ಸಿದ್ಧವಿರಬೇಕು.